ಗರಿಕೆಯ ಪರ ವಕಾಲತ್ತು

ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಡ್ರಿಲ್ ಮಾಸ್ತರರು ಅಂಗಳದ ಗರಿಕೆಯನ್ನು ಮಕ್ಕಳಿಗಿಂತ ಅಕ್ಕರೆಯಿಂದ ಬೆಳೆಸಿದ್ದರು. ಅದು ಹೂಬಿಟ್ಟರೆ ಕತ್ತರಿ ಮುಟ್ಟಿಸುತ್ತಿರಲಿಲ್ಲ. ತೆನೆಗಳ ಮೇಲೆ ಅಂಗೈ ಆಡಿಸಿ ಹಳದಿ ಪುಡಿ ಹಾರುವುದನ್ನು ನೋಡಿ ಹಿಗ್ಗುತ್ತಿದ್ದರು. ಒಳಗೆ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಸೀನಿ ಸೀನಿ ಸುಸ್ತಾಗಿ, ಉಸಿರಿಗಾಗಿ ಗೋಡೆಗೊರಗಿ ಕೂರುತ್ತಿದ್ದರು.

ಮಾಸ್ತರರ ತನಿಖೆ ಬಲು ಕಟ್ಟುನಿಟ್ಟು. ಮೊದಲು ಕಾಕುವಿನ ಮೊಸರು ನಿಂತಿತು, ಆಮೇಲೆ ಊದಿನಕಡ್ಡಿ. ಬೆಕ್ಕು ಗಡಿಪಾರಾಯಿತು. ಕೊನೆಗೆ ನನ್ನ ಅಡುಗೆಮನೆಯ ಸರದಿ: "ಅಕ್ಕಾರ, ಒಗ್ಗರಣಿ ಜರಾ ಕಮ್ಮಿ ಮಾಡ್ರಿ." ಗರಿಕೆಯ ಮಾತೆತ್ತಿದರೆ ಮಾತ್ರ, "ಹುಲ್ಲು ಪಾಪ, ಅದೇನ್ ಮಾಡ್ತದ್ರಿ?"

ಹುಮನಾಬಾದಿನ ಡಾಕ್ಟರ ಬಳಿಗೆ ಅವರಿಬ್ಬರ ಜೊತೆ ನಾನೂ ಹೋದೆ. ಯಾವುದು ಒಗ್ಗದೆಂದು ತಿಳಿಯಲು ಕಾಕುವಿನ ಮುಂಗೈ ಮೇಲೆ ಒಂದೊಂದರ ಸಾರದ ಹನಿಯನ್ನು ಸಾಲಾಗಿ ಇಟ್ಟು ಚುಚ್ಚಿದಾಗ, ಗರಿಕೆಯ ಹನಿ ಇಟ್ಟಲ್ಲಿ ಮಾತ್ರ ದದ್ದು ಎದ್ದಿತು.

"ಹೂಪುಡಿಯೊಳಗಿನ ಪ್ರೋಟೀನು ಮೂಗಿನೊಳಗಿನ ಹಸಿಗೆ ಕರಗ್ತದ. ಮೈ ಅದನ್ನ ವೈರಿ ಅಂತ ಒಮ್ಮೆ ಗುರುತಿಟ್ರ ಮರೆಯಂಗಿಲ್ಲ. ದಿನಾ ಬಂದ್ರ ದಿನಾ ಜಗಳ, ಬಾವು ಇಳಿಯೋದ ಇಲ್ಲ," ಎಂದರು ಡಾಕ್ಟರು.

ಮಾಸ್ತರರು ಕನ್ನಡಕ ಏರಿಸಿ ದದ್ದನ್ನು ನೋಡಿದರು. "ಬ್ಯಾರೆಯವರ ಹುಲ್ಲಿಂದು ಇರಬೇಕ್ರಿ."

ಮರುದಿನ ಬೆಳಿಗ್ಗೆ ಮಾಸ್ತರರು ಸ್ನಾನಕ್ಕೆ ಹೋದಾಗ, ಕಾಕು ಹಾಲಿನವಳನ್ನು ಎಮ್ಮೆ ಸಮೇತ ಅಂಗಳದೊಳಗೆ ಕರೆದರು. ಗೇಟು ಹಿಡಿದವಳು ನಾನು. ಮಾಸ್ತರರು ಟವೆಲ್ ಸುತ್ತಿಕೊಂಡೇ ಓಡಿಬಂದರು.

"ಅಯ್ಯಯ್ಯೋ, ಎಮ್ಮಿ ತಿನ್ನಾಕತ್ತದ!"

ಸೆರಗನ್ನು ಮೂಗಿಗೊತ್ತಿಕೊಂಡಿದ್ದ ಕಾಕು ಹಾಲಿನವಳ ಕಡೆ ತಿರುಗಿದರು. "ಆ ಮೂಲ್ಯಾಗ ಇನ್ನಾ ಉಳದದ ನೋಡವ್ವಾ."