ಅರವತ್ತೆರಡು ಹೆಜ್ಜೆ

ಪ್ರವಾಸಿಗರಿಗೆ ಹಳೇ ಪೇಟೆ ಸುತ್ತಿಸುವ ಗೈಡ್ ಮಾವನಿಗೆ ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು. ಬೆಳಕು, ನೆರಳು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಬಾಯಿಗೇನೂ ಮಂಜು ಕವಿದಿರಲಿಲ್ಲವಲ್ಲ! ಬ್ರೆಡ್ಡಿನ ವಾಸನೆ ಬಂದಲ್ಲಿ ಎಡಕ್ಕೆ ತಿರುಗುವುದು, ಇಸ್ತ್ರಿ ಅಂಗಡಿಯ ರೇಡಿಯೋ ಕೇಳಿದಲ್ಲಿಂದ ಅರವತ್ತೆರಡು ಹೆಜ್ಜೆ ಎಣಿಸುವುದು, ತಲೆಯೆತ್ತಿ ಮರದ ಕೆತ್ತನೆಯ ಬಾಲ್ಕನಿ ತೋರಿಸುವುದು. ಮೂವತ್ತು ವರ್ಷ ತುಳಿದ ದಾರಿ ಕಾಲಿಗೇ ಬಾಯಿಪಾಠವಾಗಿತ್ತು. ಟೂರ್ ಆಫೀಸಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಆಮೇಲೆ ಮೂಲೆಯೇ ಗತಿ ಎಂದು ಜೀವ ಹಿಡಿ ಮಾಡಿಕೊಂಡು ನಡೆಯುತ್ತಿದ್ದ.

ಗುಟ್ಟು ಗೊತ್ತಿದ್ದುದು ಅಳಿಯನೊಬ್ಬನಿಗೆ. ಈ ಕಸುಬನ್ನು ಅವನಿಗೆ ಕೈ ಹಿಡಿದು ಕಲಿಸಿದವನೂ ಮಾವನೇ. ಮಾವ ಜ್ವರದಿಂದ ಮಲಗಿದ್ದ ಹದಿನೈದು ದಿನ ಅಳಿಯನೇ ಜನರನ್ನು ಸುತ್ತಿಸಿದ. ಸುತ್ತಿಸಿ ರುಚಿ ಹತ್ತಿತು.

ಮತ್ತೆ ಹೊರಟ ಬೆಳಿಗ್ಗೆ ಮಾವ ಚಪ್ಪಲಿ ಮೆಟ್ಟುತ್ತಾ ಕೇಳಿದ, "ಬೀದೀಲಿ ಏನಾದ್ರೂ ಬದಲಾಗಿದ್ಯೇನಪ್ಪಾ?"

"ಏನೂ ಇಲ್ಲ ಮಾವ. ಎಲ್ಲಾ ಹೇಗಿತ್ತೋ ಹಾಗೇ ಇದೆ."

ಅಂದು ಹನ್ನೆರಡು ಜನರ ಗುಂಪು. ಅವರ ಹಿಂದೆ, ಉಸಿರೆತ್ತದೆ, ಅಳಿಯ ಕರೆತಂದ ಆಫೀಸಿನ ಮ್ಯಾನೇಜರ್. ಅರವತ್ತೆರಡನೇ ಹೆಜ್ಜೆಗೆ ಮಾವ ನಿಂತ. ಯಾವತ್ತೂ ನೆರಳಿರುತ್ತಿದ್ದ ಜಾಗದಲ್ಲಿ ಮುಖಕ್ಕೆ ರಪ್ಪನೆ ಬಿಸಿಲು ಹೊಡೆಯಿತು. ಆದರೂ ಅಳಿಯನ ಮಾತು ನೆನೆದು ಕೈ ಮೇಲೆತ್ತಿದ.

"ಆ ನವಿಲು ನೋಡಿ, ಗರಿ ಗರಿನೂ ಬೇರೆ ಬೇರೆ ಕೆತ್ತಿದಾರೆ! ಇಂಥ ಬಾಲ್ಕನಿ ಈ ಊರಲ್ಲಿ ಇನ್ನೊಂದಿಲ್ಲ."

ಯಾರೋ ಕಿಸಕ್ಕೆಂದರು. ಆ ಮನೆಯನ್ನು ಕೆಡವಿ, ನೆಲ ಸಮ ಮಾಡಿ ವಾರವಾಗಿತ್ತು. ಮಾವನ ಬೆರಳು ತೋರಿಸುತ್ತಿದ್ದುದು ಬರಿ ಆಕಾಶವನ್ನು.

"ಸಾಕು ಯಜಮಾನ್ರೇ, ನೀವಿನ್ನು ಮನೆಗೆ ಹೊರಡಿ," ಎಂದ ಮ್ಯಾನೇಜರ್. ಮಾವನ ಕೊರಳಿನ ಬ್ಯಾಡ್ಜ್ ತೆಗೆದು ಅಳಿಯನಿಗೆ ಕೊಟ್ಟ.

"ನೀನು ಹಾಗೇ ಇದೆ ಅಂದ್ಯಲ್ಲೋ..." ಮಾವನ ದನಿ ಒಡೆಯಿತು.

ಅಳಿಯ ಬ್ಯಾಡ್ಜ್ ಹಾಕಿಕೊಂಡು, ಕೆಮ್ಮಿ ಗಂಟಲು ಸರಿಮಾಡಿ, ಗುಂಪಿನ ಕಡೆ ತಿರುಗಿದ. ಮಾವ ಕಲಿಸಿದ ಅದೇ ರಾಗ, ಅದೇ ನಿಲುಗಡೆ.

"ಇವರು ಈ ಪೇಟೆಯ ಅತಿ ಹಳೇ ಗೈಡು. ಮೂರು ವರ್ಷದಿಂದ ಕುರುಡರು, ಹೆಜ್ಜೆ ಎಣಿಸಿಯೇ ಊರು ತೋರಿಸ್ತಿದ್ರು. ಫೋಟೋ ಬೇಕಾದವರು ತೆಗೀಬಹುದು."

ಕ್ಯಾಮೆರಾಗಳು ಟಕಟಕ ಎಂದವು. ಮಾವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮೂವತ್ತು ವರ್ಷದ ಚಾಳಿ ಎಲ್ಲಿ ಬಿಟ್ಟೀತು? ಸದ್ದು ಬಂದ ಕಡೆಗೆ ಮುಖ ತಿರುಗಿಸಿ, ಕಾಲರ್ ಸರಿಮಾಡಿಕೊಂಡು, ಮುದುಕ ನಕ್ಕ.