ಸೆರಗಿನ ಮರೆಯ ಚೌಕಾಸಿ

ನನ್ನ ಸೀರೆಗಳೆಲ್ಲ ಮೊದಲು ಸವೆಯುವುದು ಸೆರಗಿನ ಒಂದೇ ಜಾಗದಲ್ಲಿ. ತುದಿಯಿಂದ ಗೇಣು ಒಳಗೆ, ಅಂಗೈಯಗಲ, ಬಣ್ಣ ಮಾಸಿ, ನೂಲು ಸಡಿಲಗೊಂಡು, ಕಿಟಕಿಗೆ ಹಿಡಿದರೆ ಆಚೆಯ ಬೀದಿ ಕಾಣುವಷ್ಟು ತೆಳ್ಳಗಾಗಿರುತ್ತದೆ. ಉಳಿದ ಸೀರೆ ಮದುವೆಮನೆಗೆ ಉಟ್ಟುಹೋಗುವಷ್ಟು ಗಟ್ಟಿ. ಇದು ಒಗೆಯುವ ಕಲ್ಲಿನ ದೋಷವೆಂದು ನೆರೆಯವರೂ, ಚೌಕಾಸಿ ಮಾಡಿ ತಂದ ಸೀರೆ ಇನ್ನೆಷ್ಟು ಬಾಳೀತೆಂದು ನಮ್ಮ ಯಜಮಾನರೂ ತೀರ್ಪು ಕೊಟ್ಟಿದ್ದಾರೆ. ನಿಜವಾದ ಕಾರಣ ನನಗೆ ಗೊತ್ತು: ಅದು ವಿದ್ಯಾದಾನದಿಂದ ಸವೆದದ್ದು. ದಾನವೆಂದರೆ ದೊಡ್ಡ ಮಾತಾಯಿತು. ವಿದ್ಯೆಯ ವ್ಯಾಪಾರದಿಂದ ಎನ್ನೋಣ.

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ಅಪ್ಪ ಹಿರಿಯೂರಿನ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಅವರ ಪ್ರಕಾರ ಅಸಭ್ಯತೆ. ಮಾರುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳುಗಳನ್ನು ಹಿಡಿದು, ಮಡಚಿ, ಬಿಡಿಸಿ ಮಾತಾಡುತ್ತಿದ್ದರು. ಮೇಲೆ ಮುಖಗಳು ಮಾತ್ರ ಏನೂ ನಡೆಯದವರಂತೆ ಮಳೆಯ ವಿಚಾರ ಮಾತಾಡುತ್ತಿದ್ದವು. ಸುತ್ತಲಿನವರಿಗೆ ಏನೂ ತಿಳಿಯದ್ದರಿಂದ ಕಡಿಮೆ ಕೇಳಿದವನಿಗೆ ಅವಮಾನವಿಲ್ಲ, ಒಲ್ಲೆನೆಂದವನಿಗೆ ನಿಷ್ಠುರವಿಲ್ಲ. ಆದರೆ ಬೆರಳು ಒಮ್ಮೆ ಒಪ್ಪಿತೆಂದರೆ ಮುಗಿಯಿತು. ಆಮೇಲೆ ಹಿಂದೆ ಸರಿದವನ ಕೈಯನ್ನು ಮುಂದಿನ ಸಂತೆಯಲ್ಲಿ ಯಾರೂ ಹಿಡಿಯುತ್ತಿರಲಿಲ್ಲ.

ಈ ವಿದ್ಯೆಯೊಂದನ್ನೇ ಬಳುವಳಿಯಾಗಿ ಹೊತ್ತು ನಾನು ಹೊಳಲ್ಕೆರೆಗೆ ಸೊಸೆಯಾಗಿ ಬಂದೆ. ಮನೆಮನೆಗೆ ಹೋಗಿ ರವಿಕೆ ಬಟ್ಟೆ ಮಾರಿದೆ, ಸಂಸಾರ ನಿಲ್ಲಿಸಿಕೊಂಡೆ. ತೊಂಬತ್ತರ ದಶಕದಲ್ಲಿ ನನ್ನ ಹೆಣ್ಣುಮಕ್ಕಳನ್ನು ಸಂಜೆ ಪಡಸಾಲೆಯಲ್ಲಿ ಓದಲು ಕೂರಿಸುತ್ತಿದ್ದಾಗ ಪಕ್ಕದ ಮನೆಯವರು ತಮ್ಮ ಮಕ್ಕಳನ್ನೂ ತಂದು ಬಿಟ್ಟರು, ಎದುರು ಮನೆಯವರೂ ಬಿಟ್ಟರು. ನೋಡನೋಡುತ್ತಿದ್ದಂತೆ ನಾನು ಊರಿಗೆಲ್ಲ ಅಕ್ಕನಾದೆ. ಪಾಠ ಹೇಳುವ ಟ್ಯೂಷನ್ ಮೇಷ್ಟ್ರುಗಳು ಊರಿನಲ್ಲಿ ಬೇಕಾದಷ್ಟಿದ್ದರು. ನನ್ನದು ಬೇರೆ ಕೆಲಸ. ಬೀಜಗಣಿತದಲ್ಲಿ ನನಗೆ ಬೀಜವೂ ತಿಳಿಯದು, ಗಣಿತವೂ ತಿಳಿಯದು. ಯಾವುದನ್ನು ಮೊದಲು ಹಿಡಿಯಬೇಕು, ಹಿಡಿದದ್ದನ್ನು ಹೇಗೆ ಮುಗಿಸಬೇಕು, ಪೆನ್ನು ಹುಡುಕುವ ನೆಪದಲ್ಲಿ ಎದ್ದವನನ್ನು ಹೇಗೆ ಮರಳಿ ಕೂರಿಸಬೇಕು, ಇಷ್ಟೇ ನನ್ನ ಶಾಸ್ತ್ರ. ಇದಕ್ಕೆ ಪಟ್ಟಣಗಳಲ್ಲಿ ಈಗ ಎಕ್ಸಿಕ್ಯುಟಿವ್ ಫಂಕ್ಷನ್ ಕೋಚ್ ಎನ್ನುತ್ತಾರಂತೆ. ಹೆಸರು ಕೇಳಿದ ನಮ್ಮ ಯಜಮಾನರು, "ಫಂಕ್ಷನ್ ಅಂದ್ಮೇಲೆ ಊಟ ಇರ್ಬೇಕಲ್ಲ?" ಎಂದರು. ಊಟವಿರಲಿಲ್ಲ, ಮಂಡಕ್ಕಿ ಇರುತ್ತಿತ್ತು.

ಮಕ್ಕಳಲ್ಲಿ ಎಷ್ಟು ವಿಧ! ಇಡೀ ಸಂಜೆ ಕೆಂಪು, ಹಸಿರು ಶಾಯಿಗಳಲ್ಲಿ ವೇಳಾಪಟ್ಟಿ ಬರೆಯುವವನೊಬ್ಬನಿದ್ದ. ಪಟ್ಟಿ ಮುಗಿಯುವಷ್ಟರಲ್ಲಿ ಓದುವ ವೇಳೆ ಮುಗಿದಿರುತ್ತಿತ್ತು. ಮರುದಿನ, ನಿನ್ನೆಯ ಪಟ್ಟಿ ತಪ್ಪಿತೆಂದು ಹೊಸದು. ಆ ಕಲೆಗೆ ಪರೀಕ್ಷೆಯಿದ್ದಿದ್ದರೆ ಅವನು ಜಿಲ್ಲೆಗೇ ಮೊದಲಿಗ. ತಾಯಂದಿರಿಗೆ ಇಲ್ಲೊಂದು ಬಿಟ್ಟಿ ಸಲಹೆ (ಬಿಟ್ಟಿ ಕೊಡುವುದು ನನ್ನ ಸ್ವಭಾವವಲ್ಲ, ಆದ್ದರಿಂದ ಬೇಗ ತೆಗೆದುಕೊಳ್ಳಿ): ಮಗುವನ್ನು 'ಎಷ್ಟು ಓದಿದೆ' ಎಂದು ಕೇಳಬೇಡಿ, 'ಮೊದಲು ಯಾವುದು' ಎಂದು ಕೇಳಿ. ಎಷ್ಟು ಎಂದರೆ ಸುಳ್ಳು ಹುಟ್ಟುತ್ತದೆ, ಯಾವುದು ಎಂದರೆ ಪುಸ್ತಕ ತೆರೆಯುತ್ತದೆ.

ಇಷ್ಟೆಲ್ಲ ತಿಳಿದವಳಿಗೂ ಯಶೋದ ತಿಳಿಯಲಿಲ್ಲ.

ತಾಳ್ಯದ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ ಅವಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಹೊಳಲ್ಕೆರೆಯ ಸೋದರತ್ತೆಯ ಮನೆಯಲ್ಲಿರಿಸಿ ನನ್ನ ಬಳಿ ಬಿಡಲು ಬಂದ ಅವಳಪ್ಪ ತಿಪ್ಪೇಸ್ವಾಮಿ, ನನ್ನ ಅಪ್ಪನ ಹಳೆಯ ಗಿರಾಕಿ. ಪಡಸಾಲೆ ತುಂಬ ಕೂತ ಮಕ್ಕಳನ್ನು ನೋಡಿ, "ಏನವ್ವ, ದಲ್ಲಾಳಿ ಮಗಳಲ್ವೇನು ನೀನು? ಅಪ್ಪ ಕುರಿ ಮಾರಿಸ್ತಿದ್ದ, ನೀನು ಮಕ್ಳನ್ನ ಕಟ್ಟಾಕ್ಕಂಡು ಕುಂತೀಯ!" ಎಂದ.

"ಕಟ್ಟಾಕದಿದ್ರೆ ಬೇಲಿ ಹಾರ್ತವೆ. ಕುಂತ್ಕಳ್ರಿ ಅಣ್ಣ."

ಕೂರದೆಯೇ ಷರತ್ತು ಹೇಳಿದ: "ಅಕ್ಟೋಬರ್ ಪರೀಕ್ಷೆಯಾಗೆ ಪಾಸಾದ್ಲಾ, ಮುಂದಿಂದು ನೋಡಾಣ. ಆಗ್ಲಿಲ್ವಾ, ಕುರಿ ಮಂದೆ ಮೇವಿಗೆ ಗದ್ದೆ ಸೀಮೆಗೆ ಹೊಂಟಾಗ ಇವಳೂ ಹೊಂಡ್ತಾಳೆ. ಕುರಿ ನೋಡ್ಕಳಾಕೆ ಕೈ ಸಾಲ್ತಿಲ್ಲ ಕಣವ್ವ." ಕೆಟ್ಟವನಲ್ಲ, ನಿಜವಾಗಿಯೂ ಕೈ ಸಾಲುತ್ತಿರಲಿಲ್ಲ. ಯಶೋದ ನೆಲ ನೋಡುತ್ತಿದ್ದಳು. ಕಾಲೇಜಿಗೆ ಹೋಗಬೇಕೆಂಬ ಆಸೆಯನ್ನು ಅತ್ತೆಗೊಬ್ಬಳಿಗೇ ಹೇಳಿಕೊಂಡಿದ್ದಳಂತೆ.

ನಾನು ಚೌಕಾಸಿಗಿಳಿದೆ. "ದಿನಕ್ಕೆ ಹತ್ತು ಲೆಕ್ಕ ಮಾಡ್ತೀಯ?" "ಹ್ಞೂ ಅಕ್ಕ." "ಹದಿನೈದು?" "ಹ್ಞೂ ಅಕ್ಕ." ಇಷ್ಟು ಸಲೀಸಾದ ಗಿರಾಕಿ ನನಗೆ ರವಿಕೆ ಬಟ್ಟೆಯಲ್ಲೂ ಸಿಕ್ಕಿರಲಿಲ್ಲ. ಮರುದಿನ ನೋಡಿದರೆ ಒಂದೂ ಇಲ್ಲ. ಗದರಿದೆ, "ಹ್ಞೂ ಅಕ್ಕ." ರಮಿಸಿದೆ, "ಹ್ಞೂ ಅಕ್ಕ." ಹೀಗೆ ಆಷಾಢ ಕಳೆದು ಶ್ರಾವಣವೂ ಅರ್ಧವಾದ ಮೇಲೆ ನನ್ನ ಮಂಡೆಗೆ ಹೊಳೆಯಿತು: ನಮ್ಮ ಕಡೆ ಹಿರಿಯರೆದುರು 'ನನ್ನ ಕೈಲಿ ಅಷ್ಟಾಗಲ್ಲ' ಎಂದರೆ ಅದು ಎದುರು ಮಾತು. ಸಂಭಾವಿತ ಮನೆಯ ಮಕ್ಕಳು ಎಲ್ಲಕ್ಕೂ ಒಪ್ಪುತ್ತಾರೆ, ಒಪ್ಪಿ ಮುಳುಗುತ್ತಾರೆ. ಬಾಯಿಗೆ ಮರ್ಯಾದೆಯ ಬೀಗವಿರುವಾಗ ಕೇಳಬೇಕಾದದ್ದು ಬೆರಳನ್ನು.

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಇಬ್ಬರ ಕೈಗಳ ಮೇಲೆ ಸೆರಗು ಹೊದಿಸಿದೆ. ಕುರಿ ಮನೆಯ ಹುಡುಗಿ, ಹೇಳಿಕೊಡಬೇಕಾಗಿರಲಿಲ್ಲ. ನಾನು ಐದೂ ಬೆರಳು ಕೊಟ್ಟೆ. ಅವಳು ಒಂದೊಂದಾಗಿ ಮಡಚುತ್ತ ಬಂದು, ತೋರುಬೆರಳೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದಳು. ದಿನಕ್ಕೆ ಒಂದು ಲೆಕ್ಕ! ನನ್ನ ವಂಶದ ಮಾನ ಹೋಯಿತೆನಿಸಿತು. ಎರಡನೆಯ ಬೆರಳು ಬಿಡಿಸಲು ನೋಡಿದೆ, ಮಡಚಿದಳು. ಮತ್ತೆ ಬಿಡಿಸಿದೆ, ಮತ್ತೆ ಮಡಚಿದಳು. ಹ್ಞೂ ಅಕ್ಕ ಎಂದಷ್ಟೇ ಬಲ್ಲ ಹುಡುಗಿ ಮೊದಲ ಸಲ ನನಗೆ ಊಹ್ಞೂ ಎಂದದ್ದು ಹಾಗೆ. ಒಪ್ಪಿದೆ.

ಮರುದಿನ ಆ ಒಂದು ಲೆಕ್ಕ ಮುಗಿದಿತ್ತು. ಅದರ ಮರುದಿನವೂ. ಶ್ರಾವಣ ಮುಗಿಯುವಷ್ಟರಲ್ಲಿ ಎರಡನೆಯ ಬೆರಳನ್ನು ಅವಳೇ ಬಿಡಿಸಿದಳು, ನವರಾತ್ರಿಯ ಹೊತ್ತಿಗೆ ನನ್ನ ಬೆರಳುಗಳೇ ಸಾಲದಾದವು. ಆಮೇಲೆ ವೇಳಾಪಟ್ಟಿಯ ಕಲಾವಿದನೂ ಸೇರಿದಂತೆ ಪಡಸಾಲೆಯ ಮಕ್ಕಳೆಲ್ಲ ಸೆರಗಿಗೆ ಸಾಲು ನಿಂತರು.

ಯಶೋದ ಪಾಸಾದಳು. ಅಂಚಿನಲ್ಲಿ ಪಾಸು, ಅಂಚೂ ಸೀರೆಯದೇ ಭಾಗವಲ್ಲವೇ? ಫಲಿತಾಂಶ ತಿಳಿದು ಬಂದ ತಿಪ್ಪೇಸ್ವಾಮಿ ಹಿಗ್ಗಿದ, ನನಗೆ ಕೈ ಮುಗಿದ, ಬಳಿಕ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಪಾಸಾತಲ್ಲ, ಸಾಕು ಬಿಡವ್ವ. ಮಂದೆ ಹೊಂಟೈತೆ. ನಡಿಯಲೇ, ಹೋಗಾಣ."

ಮುಂದಿಂದು ನೋಡಾಣ ಎಂದಿದ್ದ ಮಾತನ್ನು ಅವನು ನೋಡದೆಯೇ ಮುಗಿಸಿದ್ದ. ಸ್ತ್ರೀವಿದ್ಯೆಯ ಮಹತ್ತ್ವದ ಬಗ್ಗೆ ನಾನೊಂದು ಸುದೀರ್ಘ ಉಪನ್ಯಾಸ ಸಿದ್ಧಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ, ಯಶೋದ ಅಪ್ಪನ ಹೆಗಲ ಮೇಲಿನ ಟವೆಲ್ ಎಳೆದು, ಅವನ ಬಲಗೈ ಮೇಲೆ ಹಾಸಿ, ಒಳಗೆ ಕೈ ತೂರಿಸಿದಳು.

"ಏ, ಇದೇನಲೇ?" ಎಂದು ನಕ್ಕ ತಿಪ್ಪೇಸ್ವಾಮಿಯ ನಗು ಅರ್ಧಕ್ಕೇ ನಿಂತಿತು, ಮುಖಕ್ಕೆ ಸಂತೆಯ ಗಾಂಭೀರ್ಯ ಬಂತು. ಕಣ್ಣನ್ನು ಮಗಳಿಂದ ತೆಗೆದು ಬಾಗಿಲಾಚೆ ನೆಟ್ಟು ನನ್ನನ್ನು ಕೇಳಿದ: "ಹಿಂಗಾರು ಪರವಾಗಿಲ್ಲ ಅಲ್ವೇನವ್ವ ಈ ಸಾರಿ?"

"ಹ್ಞೂ ಅಣ್ಣ, ನಮ್ಮ ಕಡೀಗೆ ಚೆನ್ನಾಗೇ ಆತು," ಎಂದೆ. ಟವೆಲ್ ಒಮ್ಮೆ ಉಬ್ಬಿತು, ಒಮ್ಮೆ ತಗ್ಗಿತು. "ತಾಳ್ಯದ ಕಡಿ ವಸಿ ಕಡಿಮೆ," ಎಂದ. "ಬರ್ತೈತೆ ಬಿಡಣ್ಣ," ಎಂದೆ. ಯಶೋದಳ ಕೆಳತುಟಿ ಹಲ್ಲಿನಡಿ ಬಿಳುಪೇರಿತ್ತು. ಕೊನೆಗೆ ಅವನೇ ಉಸಿರುಬಿಟ್ಟು, "ಆತು ಬಿಡಲೇ ಕೈಯ, ಆತು!" ಎಂದ. ನನ್ನ ಕಡೆ ತಿರುಗಿ, "ದಲ್ಲಾಳಿ ಮಗಳೇ, ನಿಮ್ಮಪ್ಪನೂ ನನ್ನ ಹಿಂಗೆ ಹಿಂಡಿರ್ಲಿಲ್ಲ," ಎಂದ.

ಒಳಗೆ ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ಕೇಳಿದ್ದು ಎರಡು ಬೆರಳು, ಕಾಲೇಜಿನ ಎರಡು ವರ್ಷ. ಅಪ್ಪ ಒಂದನ್ನು ಮಡಚಿದ, ಇವಳು ಬಿಡಿಸಿದಳು. ಮತ್ತೆ ಮಡಚಿದ, ಮತ್ತೆ ಬಿಡಿಸಿದಳು. ಕಾಲೇಜು ತೆರೆಯುವವರೆಗೆ ಅವಳು ಮಂದೆಯ ಹಿಂದೆ ಹೋದಳು, ಜೂನ್‌ನಲ್ಲಿ ಅವನೇ ತಂದು ಹೊಳಲ್ಕೆರೆಗೆ ಬಿಟ್ಟ. ಬೆರಳಿಗೆ ಒಪ್ಪಿದವನು, ತಪ್ಪುವುದುಂಟೇ?

ನಾನು ಮಕ್ಕಳಿಗೆ ಏನು ಕಲಿಸಿದೆನೋ ಅವರೇ ಹೇಳಬೇಕು. ಕಡಿಮೆಗೆ ಒಪ್ಪುವುದು ಸೋಲಲ್ಲವೆಂದು, ಜೀವಮಾನವಿಡೀ ಹೆಚ್ಚಿಗೆ ಎಳೆದು ಬದುಕಿದ ನನಗೆ ಅವರು ಕಲಿಸಿದರು. ರವಿಕೆ ಬಟ್ಟೆ ಮಾರುತ್ತಿದ್ದವಳನ್ನು ಇಂದು ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಜನ ಎದ್ದು ಸೀಟು ಬಿಟ್ಟು ಕೂರಿಸುತ್ತಾರೆ. ಈ ವ್ಯಾಪಾರದಲ್ಲಿ ಲಾಭ ಯಾರಿಗಾಯಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಯಶೋದ ಈಗ ಹೊಸದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಮೇಲ್ವಿಚಾರಕಿ. ಮೊನ್ನೆ ಒಂದು ಸೀರೆ ತಂದಳು. ಸೆರಗು ಇಷ್ಟು ದಪ್ಪ, ಈ ಜನ್ಮದಲ್ಲಿ ಸವೆಯುವಂಥದ್ದಲ್ಲ. ಉಡುವವರೆಗೆ ಬಿಡಲಿಲ್ಲ. ಉಟ್ಟು ಬಂದು ಕೂತೆ. ಪಕ್ಕಕ್ಕೆ ಬಂದು ಆ ಹೊಸ ಸೆರಗಿನಡಿ ನನ್ನ ಕೈ ಹಿಡಿದಳು. ತನ್ನ ಹಾಸ್ಟೆಲ್ ಮಕ್ಕಳನ್ನು ಓದಲು ಕೂರಿಸುವುದಕ್ಕೆ ವಾರಕ್ಕೆ ಎಷ್ಟು ದಿನ ಬರುತ್ತೀರೆಂದು ಪ್ರಶ್ನೆ. ಮಂಡಿನೋವು, ಬಸ್ಸಿನ ರಶ್ಶು ಎಲ್ಲವನ್ನೂ ಲೆಕ್ಕ ಹಾಕಿ ಒಂದು ಬೆರಳು ಕೊಟ್ಟೆ. ಎರಡನೆಯದನ್ನು ಬಿಡಿಸಿದಳು. ಮಡಚಿದೆ. ಮತ್ತೆ ಬಿಡಿಸಿದಳು.

"ಹೊಸದುರ್ಗದ ಕಡಿ ಮಳೆ ಹೆಂಗೈತವ್ವ?" ಎಂದು ಕೇಳಿದೆ.