ಒಂದು ಹಿಡಿ ರಾಗಿಹಿಟ್ಟು

ಕರೀಗೌಡರ ಕಣ್ಣು ಹೋದದ್ದು ನನ್ನಿಂದ. ಸಿದ್ದಲಿಂಗಯ್ಯನ ಕೆಲಸ ಹೋದದ್ದೂ ನನ್ನಿಂದಲೇ. ಅಂದು ಪತ್ರಿಕೆಯಲ್ಲಿ ಬಂದ ವರದಿ ಬೇರೆಯೇ ಹೇಳುತ್ತದೆ — ಅದನ್ನು ಬರೆದವನೂ ನಾನೇ.

ಯುದ್ಧದ ಕಾಲ. ನಾನು ಹಾಸನದಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಅಲ್ಲಿ ಬಾಡಿಗೆಗೆ ಓಡುತ್ತಿದ್ದ ಒಂದು ಹಳೆಯ ಕಾರಿನ ಇಂಜಿನ್ನನ್ನು ಮೆಕ್ಯಾನಿಕ್ ಸಿದ್ದಲಿಂಗಯ್ಯ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದ. ರಬ್ಬರು ಸಿಗದ ದಿನಗಳು. ರೇಡಿಯೇಟರಿಗೂ ಇಂಜಿನ್ನಿಗೂ ನಡುವೆ ನೀರು ಹರಿಯುವ ಕೊಳವೆಗೆ ಹಳೆಯ ತುಂಡನ್ನೇ ಕತ್ತರಿಸಿ, ಕ್ಯಾನ್ವಾಸು ಸುತ್ತಿ, ಕ್ಲಿಪ್ಪು ಬಿಗಿದಿದ್ದ. ಮೊದಲ ಸವಾರಿ ನನ್ನದು, ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ. ಹೊರಡುವಾಗ ಅವನು ಬಾಗಿಲ ಬಳಿ ಬಂದು ಹೇಳಿದ:

“ಒಸಿ ಜಿನುಗ್ತದೆ ಸಾ, ಎದರ್ಕೋಬ್ಯಾಡಿ. ಒಳೆನರಸೀಪುರದಲ್ಲಿ ನಿಲ್ಸಿ ತಣ್ಣಗಾಗಕ್ ಬುಡಿ. ಕರೀಗೌಡ್ರು ಕ್ಲಿಪ್ಪು ಬಿಗೀತಾರೆ. ಬರೀ ನೀರು ಉಯ್ಕೊಂಡ್ ಓಗಿ.”

ಕರೀಗೌಡರು ಡ್ರೈವರು. ಹೊಳೆನರಸೀಪುರ ತಲುಪುವಷ್ಟರಲ್ಲಿ ಹನಿ ದಾರವಾಗಿತ್ತು. ತಣಿಯುವವರೆಗೆ ಕಾಯಲೇಬೇಕು ಎಂದು ಅವರು ಡಬ್ಬ ಹಿಡಿದು ಹೊಳೆಗೆ ಇಳಿದರು. ಅರಕಲಗೂಡಿನಲ್ಲಿ ಒಂದು ಸಭೆಯಿತ್ತು. ವರದಿ ಸಂಜೆಯ ಅಂಚೆಗೆ ಬೀಳಬೇಕಿತ್ತು, ಇನ್ನೊಂದು ಪತ್ರಿಕೆಯವನು ಆಗಲೇ ಹೋಗಿದ್ದ. ಇಷ್ಟೇ ನನ್ನ ಅವಸರ — ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ನಮ್ಮ ಮನೆಯಲ್ಲಿ ಹೊಸ ಮಡಕೆ ಜಿನುಗಿದರೆ ಒಳಗೆ ಗಂಜಿ ಕಾಯಿಸುತ್ತಿದ್ದರು, ಸೋರುವುದು ನಿಲ್ಲುತ್ತಿತ್ತು. ರಸ್ತೆ ಬದಿಯ ಹೋಟೆಲಿನ ಹೆಂಗಸನ್ನು ಒಂದು ಹಿಡಿ ರಾಗಿಹಿಟ್ಟು ಕೇಳಿದೆ.

“ಯಾತಕ್ ಸಾ?”

“ಗಾಡಿಗೆ.”

“ಅದೂ ಮುದ್ದೆ ಉಣ್ತದಾ? ಅಂಗಾದ್ರೆ ಸಾರೂ ಕೊಡ್ತೀನಿ ತಕ್ಕೊಳಿ,” ಎಂದು ನಕ್ಕಳು.

ಹಳೆಯ ಪಂಚೆಯ ಚೂರಿನಿಂದ ರೇಡಿಯೇಟರಿನ ಮುಚ್ಚಳ ಹಿಡಿದು ತಿರುವಿ, ಹಿಟ್ಟು ಸುರಿದೆ. ಇಂಜಿನ್ ತಿರುಗಿಸಿದೆ. ದಾರ ಹನಿಯಾಯಿತು, ಹನಿ ನಿಂತಿತು. ಕರೀಗೌಡರು ಬಂದು ಕೊಳವೆಯನ್ನು ನೋಡಿದರು, ನನ್ನನ್ನು ನೋಡಿದರು.

“ನಿಂತೋಗೈತಲ್ಲ ಸಾ.”

“ಕ್ಯಾನ್ವಾಸು ನೆನೆದು ಬಿಗಿಯಿತೇನೋ,” ಎಂದೆ.

ಆ ಗಾಡಿಗೆ ನೀರಿನ ಪಂಪು ಇರಲಿಲ್ಲ. ಬಿಸಿಯಾದ ನೀರು ತಾನಾಗಿ ಮೇಲೇರಿ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ತಣ್ಣಗಾಗಿ ಕೆಳಗಿಳಿಯಬೇಕು. ಗಂಜಿ ಎಲ್ಲಿಗೆ ಏರೀತು, ಎಲ್ಲಿಗೆ ಇಳಿದೀತು — ನಾನು ಆ ಯೋಚನೆ ಮಾಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ವಾಸನೆ ಬಂತು. ಕರೀಗೌಡರು ಮೂಗೆಳೆದು, “ಯಾರದೋ ಮನೇಲಿ ಅಂಬಲಿ ಸೀದೋಯ್ತಾ ಐತೆ ಸಾ,” ಎಂದರು. ರಸ್ತೆಯ ಎರಡೂ ಕಡೆ ಬರಿಯ ಹೊಲ. ಒಂದು ಮನೆಯೂ ಇರಲಿಲ್ಲ.

ಅರಕಲಗೂಡಿಗೆ ಮೊದಲು ಸಿಗುವ ಏರಿನಲ್ಲಿ ಇಂಜಿನ್ ನರಳಿ ನಿಂತಿತು. ಕರೀಗೌಡರು ಇಳಿದು, ಕೈಗೆ ಟವಲು ಸುತ್ತಿ ಮುಚ್ಚಳವನ್ನು ಮೆಲ್ಲಗೆ ತಿರುವಿದರು — ಮೊದಲು ಆವಿ ಹೋಗಲೆಂದು. ಆವಿ ಬರಲಿಲ್ಲ. ಏಕೆ ಬರಲಿಲ್ಲವೆಂದು ನನಗೆ ಹೊಳೆದಿತ್ತು — ಗಂಜಿ ಬಾಯಿಗೆ ಕಟ್ಟಿಕೊಂಡಿತ್ತು. ಅವರು ಬಾಗಿ ನೋಡುತ್ತಿದ್ದರು. ‘ನಿಲ್ಲಿ’ ಎನ್ನುವಷ್ಟು ಹೊತ್ತು ಇತ್ತು — ಹಾಗಂದರೆ ಏಕೆಂದು ಹೇಳಬೇಕಾಗುತ್ತಿತ್ತು —

ಚಿಮ್ಮಿದ್ದು ನೀರಾಗಿದ್ದರೆ ಹರಿದುಹೋಗುತ್ತಿತ್ತು. ಅದು ಮುಖಕ್ಕೆ ಅಂಟಿತು.

ನಾನೇ ಒರೆಸಿದೆ. ಒರೆಸಿದ ಟವಲನ್ನು ಮೋರಿಯ ಕೆಳಗೆ ಎಸೆದೆ. ದಾರಿಯಲ್ಲಿ ಬಂದ ಎತ್ತಿನ ಗಾಡಿಯವರು ಅವರನ್ನು ಆಸ್ಪತ್ರೆಗೆ ಒಯ್ದರು. ಗಾಡಿ ಕಾಯುತ್ತೇನೆಂದು ನಾನು ಅಲ್ಲೇ ಉಳಿದೆ. ರೇಡಿಯೇಟರಿನ ಕೆಳಗಿನ ನಲ್ಲಿ ಬಿಚ್ಚಿ, ಕಡ್ಡಿಯಿಂದ ಕೆದಕಿ, ಡಬ್ಬದ ನೀರು ಸುರಿದು, ಕಂದು ಬಣ್ಣ ಹೋಗುವವರೆಗೆ ತೊಳೆದೆ. ಆಮೇಲೆ ಕುಳಿತು ವರದಿ ಬರೆದೆ — ಮೆಕ್ಯಾನಿಕನ ಅಜಾಗರೂಕತೆಯಿಂದ ಅಪಘಾತ, ಚಾಲಕನ ಕಣ್ಣಿಗೆ ಪೆಟ್ಟು.

ಕರೀಗೌಡರ ಒಂದು ಕಣ್ಣು ಹೋಯಿತು, ಇನ್ನೊಂದು ಮಂಜಾಯಿತು. ಇಂಜಿನ್ ಬಿರಿದಿತ್ತು. ಸಿದ್ದಲಿಂಗಯ್ಯನನ್ನು ಕಾರಿನ ಮಾಲೀಕ ಗಾಡಿಯ ಹತ್ತಿರ ಬಿಡಲಿಲ್ಲ. ರೇಡಿಯೇಟರು ಗುಜರಿಗೆ ಹೋಯಿತು. ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಅವನ ಕೈಗೆ ಯಾರೂ ಇಂಜಿನ್ ಕೊಡಲಿಲ್ಲ.

ವರ್ಷಗಳ ಮೇಲೆ ಕೊಣನೂರಿನ ಸಂತೆಯಲ್ಲಿ ಸಿಕ್ಕ. ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ. ಗೋಣಿಚೀಲ ಕೊಡವಿ ನನ್ನನ್ನು ಕೂರಿಸಿದ.

“ನೀವ್ ಬರ್ದಿದ್ದು ಸರಿಯಾಗೇ ಬರ್ದಿದ್ರಿ ಬುಡಿ ಸಾ. ಎಲ್ ತಪ್ದೆ ಅನ್ನೋದೊಂದ್ ಮಾತ್ರ ಗೊತ್ತಾಗ್ನಿಲ್ಲ. ಇಂಜಿನ್ ಸಂದಿಗೆ ಆಕೋ ಗ್ಯಾಸ್ಕೆಟ್ಟು ತಿರುವುಮುರುವು ಕೂರಿಸ್ಬುಟ್ನಾ ಅಂತ ಈಗ್ಲೂವೆ ನೆಪ್ಪಾಯ್ತದೆ. ನೀವು ಗಾಡೀಲೇ ಇದ್ರಲ್ಲ, ಏನ್ ಕಂಡ್ರಿ?”

“ಏನೂ ಕಾಣಲಿಲ್ಲ,” ಎಂದೆ.

ಅವನು ತಲೆಯಾಡಿಸಿ, ತನ್ನ ಎರಡೂ ಕೈಗಳನ್ನು ತಿರುವಿ ನೋಡಿಕೊಂಡ. ಹಿಟ್ಟು ಹಾಕಿದ್ದು ಅವಸರದಲ್ಲಿ. ‘ಏನೂ ಕಾಣಲಿಲ್ಲ’ — ಈ ಎರಡು ಪದಗಳನ್ನು ಮಾತ್ರ ನಾನು ಯೋಚಿಸಿಯೇ ಆಡಿದೆ.

ಅವನ ಗ್ಯಾಸ್ಕೆಟ್ಟು ಸರಿಯಾಗಿತ್ತು. ಕೊಳವೆ ಅವನು ಹೇಳಿದಷ್ಟೇ ಜಿನುಗಿತ್ತು. ಕರೀಗೌಡರು ಈಗ ಕಟ್ಟಾಯದಲ್ಲಿದ್ದಾರೆ. ಇದನ್ನು ಅಚ್ಚಿಗೆ ಕಳಿಸುವ ಮೊದಲು ಅಲ್ಲಿಗೆ ಹೋಗಿ ಅವರಿಗೆ ಓದಿ ಹೇಳುತ್ತೇನೆ, ಅವರು ತಾವಾಗಿ ಓದಲಾರರು. ಅಲ್ಲಿಂದ ಕೊಣನೂರಿಗೆ. ಸಂತೆಯ ದಿನವೇ ಹೋಗುತ್ತೇನೆ, ಜನ ಇರುವಾಗ. ಸಿದ್ದಲಿಂಗಯ್ಯ ಮತ್ತೆ ಗೋಣಿಚೀಲ ಕೊಡವಿ ಹಾಕಬಹುದು. ಕೂರದೆ, ನಿಂತೇ ಹೇಳಬೇಕು.